ಕಷಾಯದಲ್ಲಿ ನೆನೆದ ಹಲ್ಲು

ಭಾಲ್ಕಿಯ ಕಚೇರಿಯ ಮುಂದೆ ಬೇವಿನ ಮರದ ಕೆಳಗೆ ಕೂತು ಅರ್ಜಿ ಬರೆದುಕೊಡುತ್ತಿದ್ದ ಮಡೆಪ್ಪನಿಗೆ ಎರಡು ವಿಷಯಗಳಲ್ಲಿ ಆ ಊರಿನಲ್ಲಿ ಸರಿಸಮಾನರಿರಲಿಲ್ಲ. ಒಂದು ಮಾತು, ಇನ್ನೊಂದು ಹಲ್ಲು. ಮಾತು ಅವನ ಸ್ವಂತದ್ದು. ಹಲ್ಲು ಬೀದರಿನ ಕುತುಬೋದ್ದೀನ ಮಾಡಿಕೊಟ್ಟದ್ದು.

ಮೊದಲಿನದು ಊರಿಗೆಲ್ಲ ಗೊತ್ತಿತ್ತು. ಹೊಲದ ತಕರಾರು ಬರೆಸಲು ಬಂದವನು ಮಡೆಪ್ಪನ ಸೋದರಮಾವನ ಎತ್ತು ಕಾರಂಜಾ ಹೊಳೆಯಲ್ಲಿ ಹೇಗೆ ಸಿಕ್ಕಿಬಿತ್ತು ಎಂಬಲ್ಲಿಂದ ಕೇಳಲು ಶುರುಮಾಡಬೇಕಾಗಿತ್ತು. ಎತ್ತು ದಡ ಸೇರುವ ಹೊತ್ತಿಗೆ ಕಚೇರಿ ಬಾಗಿಲು ಹಾಕುತ್ತಿತ್ತು. ಆದರೂ ಜನ ಕೇಳುತ್ತಿದ್ದರು, ಏಕೆಂದರೆ ನಿಜಾಮನ ಕಾಲದಲ್ಲಿ ಅರ್ಜಿ ಉರ್ದುವಿನಲ್ಲೇ ಇರಬೇಕಿತ್ತು, ಮಡೆಪ್ಪನ ಉರ್ದು ಅಕ್ಷರ ಮುತ್ತಿನ ಹಾಗೆ ಇತ್ತು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ಹೊರಗಿನ ಸೀಮೆಯ ಅಧಿಕಾರಿಗಳು ಬಂದರು. ಅವರಿಗೆ ಮುತ್ತೂ ತಿಳಿಯಲಿಲ್ಲ, ಉರ್ದುವೂ ತಿಳಿಯಲಿಲ್ಲ. ಕಚೇರಿಯ ಇನ್ನೊಂದು ಬದಿಗೆ ಯಾರೋ ಟೈಪ್ ಮಷೀನು ತಂದಿಟ್ಟುಕೊಂಡು ಕೂತರು. ಮಡೆಪ್ಪನ ಮುಂದೆ ಉಳಿದದ್ದು ಮಸಿಕುಡಿಕೆ, ಚಾಪೆ ಮತ್ತು ಮರದ ನೆರಳಿಗೆ ಬಂದು ಮಲಗುವ ಒಂದು ನಾಯಿ. ನಾಯಿ ಕೂಡ ಅವನು ಬಾಯಿ ತೆರೆದರೆ ಎದ್ದು ಆಚೆ ಬದಿಗೆ ಹೋಗುತ್ತಿತ್ತು ಎಂದು ಹೇಳುವವರಿದ್ದರು. ಅದು ಸ್ವಲ್ಪ ಹೆಚ್ಚಾಯಿತು.

ಹೆಂಡತಿ ತೀರಿ ನಾಲ್ಕು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಖಟಕ ಚಿಂಚೋಳಿಯಲ್ಲಿ ತಮ್ಮನ ಮನೆಯಿತ್ತು. ಆದರೆ ಮಡೆಪ್ಪ ಬಂದನೆಂದರೆ ಆ ಮನೆಯವರಿಗೆಲ್ಲ ಒಮ್ಮೆಗೇ ಹೊಲದ ಕೆಲಸ ನೆನಪಾಗುತ್ತಿತ್ತು.

ಹಲ್ಲಿನ ಸಂಗತಿ ಬೇರೆ. ಪೊಲೀಸ್ ಆ್ಯಕ್ಷನ್ನಿನ ಹಿಂದಿನ ಬೇಸಿಗೆಯಲ್ಲಿ ಮಡೆಪ್ಪನ ಹಲ್ಲುಗಳು ಒಂದೊಂದಾಗಿ ರಾಜೀನಾಮೆ ಕೊಡಲು ಶುರುಮಾಡಿದ್ದವು. ಅವನು ಗಾಣಗಾಪುರಕ್ಕೆ ಸೇವೆಗೆ ಹೋಗುತ್ತೇನೆಂದು ಊರಿಗೆಲ್ಲ ಹೇಳಿ, ನೆಟ್ಟಗೆ ಬೀದರಿಗೆ ಹೋಗಿ, ಹಲ್ಲಿನ ಕುತುಬಸಾಬ ಎಂದೇ ಹೆಸರಾದ ಕುತುಬೋದ್ದೀನನ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡೂವರೆ ತಿಂಗಳು ಇದ್ದುಬಿಟ್ಟ. ಇದ್ದ ಹಲ್ಲು ಕೀಳಿಸಿಕೊಂಡು, ವಸಡು ಮಾಯುವ ತನಕ ಗಂಜಿ ಕುಡಿದು, ಶ್ರಾವಣದಲ್ಲಿ ಹೊಸ ಸೆಟ್ಟು ಹಾಕಿಸಿಕೊಂಡು ಭಾಲ್ಕಿಗೆ ಬಂದ. ಬಂದವನು ಊರವರಿಗೆ ಹೇಳಿದ್ದು ಇಷ್ಟು: ಗಾಣಗಾಪುರದಲ್ಲಿ ಒಬ್ಬ ಬೈರಾಗಿ ಒಂದು ಬೇರು ಕೊಟ್ಟ, ಉಜ್ಜಿದೆ, ಹಲ್ಲು ಹೀಗಾಯಿತು.

ಹೊರಡುವ ಮುಂಚೆ ಅವನು ಕುತುಬೋದ್ದೀನನ ಕೈ ಹಿಡಿದು ಮಾತು ತೆಗೆದುಕೊಂಡಿದ್ದ.

"ಕುತುಬಸಾಬ್, ಈ ಹಲ್ಲು ನಿಮ್ಮ ಕೈಯಿಂದು ಅಂತ ಸತ್ತರೂ ಯಾರ ಮುಂದೂ ಹೇಳಬಾರದು ನೋಡ್ರಿ."

"ಜಬಾನ್ ಕೊಟ್ಟೇನಿ ಮಡೆಪ್ಪ. ನಾ ನಿಮಗ ನೋಡೇ ಇಲ್ಲ ಅಂತೇನಿ, ಆತಿಲ್ಲ?"

ಆಮೇಲೆ ಕುತುಬೋದ್ದೀನ ಹಲ್ಲು ಕಾಪಾಡಿಕೊಳ್ಳುವ ಬಗ್ಗೆಯೂ ಏನೋ ಹೇಳಿದ. ಸೆಟ್ಟಿನ ರಬ್ಬರಿಗೆ ಬೂಷ್ಟು ಹಿಡಿದು ಬಾಯಿ ಹುಣ್ಣಾದರೆ ಬೇವಿನ ಎಲೆ, ಜಾಲಿಯ ಚಕ್ಕೆ, ದಾಳಿಂಬೆ ಸಿಪ್ಪೆ ಕುದಿಸಿ, ಆ ಕಷಾಯದಲ್ಲಿ ಸೆಟ್ಟು ಮುಳುಗಿಸಿಡಬೇಕು ಎಂಬಲ್ಲಿಯ ತನಕ ಮಡೆಪ್ಪ ಕೇಳಿಸಿಕೊಂಡ. ಎಷ್ಟು ಹೊತ್ತು ಎಂದು ಕುತುಬೋದ್ದೀನ ಹೇಳುವಾಗ ಮಡೆಪ್ಪ ತನ್ನ ಸೋದರಮಾವನ ಎತ್ತಿನ ಕಥೆ ಎತ್ತಿಕೊಂಡಿದ್ದ.

ಐದು ತಿಂಗಳಲ್ಲಿ ಬೂಷ್ಟು ಬಂದೇ ಬಂತು. ಬರದೆ ಏನು ಮಾಡೀತು? ಮಡೆಪ್ಪ ಆ ಹಲ್ಲನ್ನು ಹಗಲಿರುಳೂ ಬಾಯಿಂದ ತೆಗೆದವನೇ ಅಲ್ಲ, ಯಾರಾದರೂ ನೋಡಿಯಾರೆಂದು. ಅಂಗುಳ ಕೆಂಪಾಗಿ ಉರಿಯತೊಡಗಿತು, ಸೆಟ್ಟಿನ ಒಳಮೈಗೆ ಮೊಸರಿನ ಕೆನೆಯಂಥದು ಅಂಟಿತು. ಊರಿನ ಡಾಕ್ಟರಿಗೆ ತೋರಿಸಿದರೆ ಊರಿಗೇ ತೋರಿಸಿದ ಹಾಗೆ. ರೈಲು ಹತ್ತಿ ಬೀದರಿಗೆ ಹೋದ. ಕುತುಬೋದ್ದೀನನ ಅಂಗಡಿಗೆ ಬೀಗ.

ಪಕ್ಕದ ಅಂಗಡಿಯ ಸುಭಾನ ತಲೆ ಎತ್ತದೆ, "ಹೋದ್ರು," ಎಂದ.

ಆ ದಿನಗಳಲ್ಲಿ ಬಹಳ ಜನ ಹೋಗಿದ್ದರು. ಕೆಲವರು ಹೈದರಾಬಾದಿಗೆ, ಕೆಲವರು ಇನ್ನೂ ದೂರ. ಜೀವಮಾನದಲ್ಲಿ ಒಂದು ಪ್ರಶ್ನೆಗೆ ಹತ್ತು ಪ್ರಶ್ನೆ ಸೇರಿಸಿ ಕೇಳುತ್ತಿದ್ದ ಮಡೆಪ್ಪ, ಅಂದು ಎರಡನೆಯ ಪ್ರಶ್ನೆ ಕೇಳಲಿಲ್ಲ. ಬೀಗದ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ಸಂಜೆಯ ಗಾಡಿಗೆ ಮರಳಿ ಬಂದ.

ಮರುದಿನ ಬೆಳಿಗ್ಗೆ ಕಷಾಯ ಕುದಿಯಿತು. ಎಷ್ಟು ಹೊತ್ತು ನೆನೆಸಬೇಕೆಂದು ತಿಳಿಯದವನು ಹೆಚ್ಚಿಗೇ ನೆನೆಸುತ್ತಾನೆ. ಸೂರ್ಯ ಹುಟ್ಟಿದಾಗಿನಿಂದ ದೀಪ ಹಚ್ಚುವ ತನಕ, ನಲವತ್ತೆಂಟು ದಿನ ಎಂದು ಮಡೆಪ್ಪ ಗೊತ್ತುಮಾಡಿಕೊಂಡ. ತಾಮ್ರದ ಬೋಗುಣಿಯಲ್ಲಿ ಹಲ್ಲು ಮುಳುಗಿಸಿ, ಮೇಲೆ ತಟ್ಟೆ ಮುಚ್ಚಿ, ಯಾರೂ ಕೈ ಹಾಕದ ಜಾಗ ಎಂದು ದೇವರ ಗೂಡಿನಲ್ಲಿ ಇಟ್ಟ. ಹಲ್ಲಿಲ್ಲದ ಬಾಯಿ ಒಳಕ್ಕೆ ಹೋಗಿ ಮುಖ ಹಿಂಡಿದ ಲಿಂಬೆಹಣ್ಣಿನ ಹಾಗೆ ಆಗಿತ್ತು. ಅದು ಕಾಣದಂತೆ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಸುತ್ತಿಕೊಂಡ.

ಅಷ್ಟರಲ್ಲಿ ಮಜ್ಜಿಗೆಯ ಸಖುಬಾಯಿ ಬಂದಳು. ಮೂರು ಮನೆ ಆಚೆಯವಳು, ಕುರಿ ಸಾಕಿದವಳು, ವಿಧವೆ.

"ಯಾಕ್ರಿ ಮಡೆಪ್ಪಣ್ಣ, ಬಾಯಿಗಿ ವಲ್ಲಿ ಕಟ್ಟೀರಿ?"

ಮಡೆಪ್ಪನ ಕೈ ತಾನಾಗಿಯೇ ಬೋಗುಣಿಯ ಕಡೆಗೆ ಹೋಯಿತು. ಗಾಬರಿಯಾಗಿ ಅದನ್ನು ಮೇಲಕ್ಕೆ ತಿರುಗಿಸಿದ. ಸಖುಬಾಯಿ ದೇವರ ಗೂಡು ನೋಡಿದಳು, ಆಕಾಶ ನೋಡಿದಳು.

"ದೇವರಿಗಿ ಬೇಡ್ಕೊಂಡೀರೇನು? ಮಾತು ಬಿಟ್ಟೀರೇನು?"

ಮಡೆಪ್ಪ ಜೋರಾಗಿ ತಲೆಯಾಡಿಸಿದ.

"ಎಷ್ಟು ದಿನ?"

ಮಡೆಪ್ಪ ಮೊದಲು ನಾಲ್ಕು ಬೆರಳು ತೋರಿಸಿದ, ಆಮೇಲೆ ಎಂಟು.

ಸಖುಬಾಯಿ ಮಜ್ಜಿಗೆಯ ಗಡಿಗೆ ಇಳಿಸಿ ಹೊಸ್ತಿಲ ಮೇಲೆ ಕೂತಳು. ಎರಡು ಕ್ಷಣ ಕಾದಳು. ಎತ್ತು ಬರಲಿಲ್ಲ, ಹೊಳೆ ಬರಲಿಲ್ಲ. ಆಮೇಲೆ ಮೆಲ್ಲಗೆ, ಮೆಹಕರದಲ್ಲಿರುವ ತನ್ನ ಅಕ್ಕ ಅಂಜನಾಬಾಯಿಗೂ ತನಗೂ ಒಂದು ಕುರಿಯ ಸಲುವಾಗಿ ಒಂಬತ್ತು ವರ್ಷದಿಂದ ಮಾತಿಲ್ಲ ಎಂದು ಹೇಳಲು ಶುರುಮಾಡಿದಳು. ಮಡೆಪ್ಪನ ಎದುರಿಗೆ ಒಬ್ಬ ಮನುಷ್ಯ ಎರಡನೆಯ ವಾಕ್ಯ ಮುಗಿಸಿದ್ದು ಅಂದೇ ಮೊದಲು.

ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿಯಾಯಿತು. ಮಡೆಪ್ಪ ಮೌನ ಹಿಡಿದಿದ್ದಾನೆ. ಬೇರೆ ಯಾರು ಮೌನ ಹಿಡಿದರೂ ಜನ ಕೇಳಿ ಬಿಡುತ್ತಿದ್ದರು. ಮಡೆಪ್ಪ ಮೌನ ಹಿಡಿದನೆಂದರೆ ಅದರಲ್ಲಿ ದೈವದ ಕೈ ಇರಲೇಬೇಕು ಎಂದು ಎಲ್ಲರಿಗೂ ಅನಿಸಿತು. ನೋಡಲು ಬಂದರು. ಬಂದವರು ಕೂತರು. ಕೂತವರು ತಮ್ಮ ತಮ್ಮ ಸಂಕಟ ಹೇಳಿಕೊಂಡರು.

ನಾಲ್ಕನೆಯ ದಿನ ಬಟ್ಟೆ ಅಂಗಡಿಯ ಗುಮಾಸ್ತ ಧೊಂಡಿಬಾ ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ, ಮತ್ತೆ ಏಳಲಿಲ್ಲ. ಯಾರದಾದರೂ ಪರವಾಗಿ ಮಾತಾಡಬೇಕೆಂದು ಜನ್ಮವೆಲ್ಲ ಹಂಬಲಿಸಿದ್ದ ಮನುಷ್ಯ. ಈಗ ಅವನಿಗೆ ಮೌನಿಯೊಬ್ಬ ಸಿಕ್ಕಿದ್ದ. ಮಡೆಪ್ಪ ತೋರಿಸಿದ ನಾಲ್ಕು ಬೆರಳು ನಾಲ್ಕು ವೇದ, ಎಂಟು ಬೆರಳು ಅಷ್ಟಾವರಣ ಎಂದು ಅರ್ಥ ಹೇಳಿದ. ವಸಡು ಉರಿದು ಮಡೆಪ್ಪ ದವಡೆ ಒತ್ತಿಕೊಂಡರೆ, "ಬಾಯಿ ಬಿಗಿಹಿಡಿ ಅಂತಾರ. ಸೊಸಿ ಸಂಗಟ ಜಗಳ ಬ್ಯಾಡಂತ," ಎಂದು ಎದುರಿಗೆ ಕೂತ ಅತ್ತೆಗೆ ತಿಳಿಸುತ್ತಿದ್ದ. ನೊಣ ಓಡಿಸಿದರೆ, "ಆ ಹೊಲ ಬಿಟ್ಟುಬಿಡು ಅಂತಾರ," ಎನ್ನುತ್ತಿದ್ದ. ಒಬ್ಬ ಪಾಪದ ಮನುಷ್ಯ ನಿಜವಾಗಿಯೂ ಹೊಲದ ತಕರಾರು ಬಿಟ್ಟು, ದಾಯಾದಿಯ ಜೊತೆ ರಾಜಿಯಾಗಿ, ತೆಂಗಿನಕಾಯಿ ತಂದ.

ಏಳನೆಯ ದಿನ ಧೊಂಡಿಬಾನ ಕಣ್ಣು ದೇವರ ಗೂಡಿನ ಬೋಗುಣಿಯ ಮೇಲೆ ಬಿತ್ತು. ತಟ್ಟೆ ಎತ್ತಿ ಮೂಸಿದ. ಕಹಿ, ಒಗರು, ಕಡುಕಂದು ಬಣ್ಣ.

"ತೀರ್ಥ," ಎಂದ.

ಮಡೆಪ್ಪ ಎರಡೂ ಕೈ ಅಡ್ಡಡ್ಡ ಆಡಿಸಿದ.

"ಎಲ್ಲರಿಗೂ ಕೊಡು, ಭೇದ ಮಾಡಬ್ಯಾಡ ಅಂತಾರ," ಎಂದು ಧೊಂಡಿಬಾ ಚಮಚ ಹುಡುಕತೊಡಗಿದ.

ಮಡೆಪ್ಪ ಎದ್ದು ಹೋಗಿ ಬೋಗುಣಿಯನ್ನು ಎದೆಗವಚಿಕೊಂಡ. ಅದರ ತಳದಲ್ಲಿ ಅವನ ಇಪ್ಪತ್ತೆಂಟು ಹಲ್ಲುಗಳು ಮೇಲಕ್ಕೆ ನೋಡುತ್ತ ನಗುತ್ತಿದ್ದವು. ಚಮಚ ಬೇರೆಯವರ ಕೈಗೆ ಹೋದರೆ ಅದು ಹಲ್ಲಿಗೆ ತಾಗಿ ಠಣ್ ಎನ್ನುವುದು ನಿಶ್ಚಯ. ಬೇರೆ ದಾರಿಯೇ ಇರಲಿಲ್ಲ. ತಾನೇ ಮೇಲ್ಮೇಲಿನ ನೀರು ತೆಗೆದು, ಒಬ್ಬೊಬ್ಬರ ಅಂಗೈಗೆ ಒಂದೊಂದು ಚಮಚ, ಕಣ್ಣು ಮುಚ್ಚಿಕೊಂಡು ಹಾಕಿದ. ಎಂಥ ಭಕ್ತಿ ಎಂದು ಜನ ತಲೆದೂಗಿದರು. ತಿಂಗಳಿನಿಂದ ಬಾಯಿಹುಣ್ಣಿನಲ್ಲಿ ಅನ್ನ ಬಿಟ್ಟಿದ್ದ ಸತ್ಯಮ್ಮ ಮೂರು ದಿನ ಆ ತೀರ್ಥವನ್ನು ಬಾಯಲ್ಲಿಟ್ಟುಕೊಂಡು, ನಾಲ್ಕನೆಯ ದಿನ ಖಾರದ ಚಟ್ನಿ ಜೊತೆಗೆ ಎರಡು ರೊಟ್ಟಿ ತಿಂದಳು. ಬೇವಿನ ಗುಣವೋ ಜಾಲಿಯ ಗುಣವೋ, ಊರು ಮಾತ್ರ ಅದು ಮಡೆಪ್ಪನ ಗುಣವೆಂದು ತೀರ್ಮಾನಿಸಿತು. ಖಟಕ ಚಿಂಚೋಳಿಯ ತಮ್ಮ ಕೂಡ ಹೊಲದ ಕೆಲಸ ಬಿಟ್ಟು ಬಂದು ಸಾಲಿನಲ್ಲಿ ನಿಂತ.

ದೀಪ ಹಚ್ಚುವ ಹೊತ್ತಿಗೆ ಎಲ್ಲರೂ ಎದ್ದು ಹೋಗುತ್ತಿದ್ದರು. ಮಡೆಪ್ಪ ಬಾಗಿಲು ಹಾಕಿ, ಹಲ್ಲು ತೊಳೆದು ಹಾಕಿಕೊಂಡು, ತಣ್ಣನೆಯ ರೊಟ್ಟಿ ಮುರಿಯುತ್ತ, ಎದ್ದು ಹೋದವರ ಖಾಲಿ ಜಾಗಗಳ ಕಡೆಗೆ ಒಂದೊಂದಾಗಿ ತಿರುಗಿ ಉತ್ತರ ಕೊಡುತ್ತಿದ್ದ. "ನಿಮ್ಮ ಅಕ್ಕಗ ಒಂದು ಕಾಗದ ಬರೀರಿ ಸಖುಬಾಯಿ. ಬೇಕಂದ್ರ ನಾ ಬರದು ಕೊಡ್ತೇನಿ." ಕಂಬದ ಕಡೆಗೆ ತಿರುಗಿ, "ನೀವು ಸುಮ್ನ ಹೊಲ ಬಿಟ್ಟಿರಿ ನೋಡ್ರಿ. ನಾ ನೊಣ ಹೊಡಿಲತ್ತಿದ್ದೆ." ಖಾಲಿ ಜಾಗಗಳೆಲ್ಲ ಮುಗಿದ ಮೇಲೆ ದೀಪ ಸಣ್ಣದು ಮಾಡುತ್ತಿದ್ದ.

ಇಪ್ಪತ್ತೊಂಬತ್ತನೆಯ ದಿನ ಔರಾದದಿಂದ ಒಬ್ಬ ದರ್ಜಿ ಬಂದ. ನಲವತ್ತರ ಆಸುಪಾಸು, ಟೋಪಿಯನ್ನು ಕೈಯಲ್ಲಿ ಮಡಚಿಕೊಂಡು ಬಾಗಿಲ ಬಳಿಯೇ ನಿಂತಿದ್ದ. ಸಖುಬಾಯಿ, "ಬರ್ರಿ, ಒಳಗ ಬರ್ರಿ, ಇಲ್ಲಿ ಎಲ್ಲಾರೂ ಬರ್ತಾರ," ಎಂದು ಕರೆದು ಕೂರಿಸಿದಳು.

"ನನ ಹೆಸರು ಮುಜೀಬೋದ್ದೀನ ಅಂತರಿ. ನಮ್ಮಣ್ಣ ಬೀದರದಾಗ ಇದ್ದ. ಹಲ್ಲಿನ ಕೆಲಸ ಮಾಡ್ತಿದ್ದ. ಕುತುಬೋದ್ದೀನ ಅಂತ."

ಮಡೆಪ್ಪ ಚಮಚವನ್ನು ಬೋಗುಣಿಯ ಪಕ್ಕಕ್ಕೆ ಇಟ್ಟ.

"ಯಾರೋ ಹೆಸರಿಲ್ಲದ ಅರ್ಜಿ ಹಾಕ್ಯಾರರಿ. ಹೋದ ಶ್ರಾವಣದ ಎರಡನೇ ಸೋಮವಾರ ಔರಾದದಾಗ ಮನಿ ಲೂಟಿ ಆತಲ್ಲ, ಆ ಗುಂಪಿನಾಗ ನಮ್ಮಣ್ಣ ಇದ್ದ ಅಂತ. ಮೂರು ತಿಂಗಳಾತು, ಒಳಗ ಹಾಕ್ಯಾರ. ಆ ದಿನ ಎಲ್ಲಿದ್ದಿ ಅಂದ್ರ, ಅಂಗಡಿದಾಗ ಒಬ್ಬರಿಗಿ ಹಲ್ಲು ಕೂಡಿಸ್ಲತ್ತಿದ್ದೆ ಅಂತಾನ. ಯಾರಿಗಿ ಅಂದ್ರ ಹೇಳಂಗಿಲ್ಲ. ನಾ ಕಾಲು ಹಿಡ್ದು ಕೇಳ್ದೆರಿ. ಜಬಾನ್ ಕೊಟ್ಟೇನಿ ಅಂತಾನ. ಬರೋ ಗುರುವಾರ ಬೀದರದಾಗ ವಿಚಾರಣೆ ಅದ. ಅವನ ಬಾಯಿ ತೆರೆಯೋ ಹಾಂಗ ಒಂದು ಆಶೀರ್ವಾದ ಮಾಡ್ರಿ."

ಶ್ರಾವಣದ ಎರಡನೆಯ ಸೋಮವಾರ. ಬೆಳಗಿನಿಂದ ಸಂಜೆಯ ತನಕ ಕುತುಬೋದ್ದೀನ ಕಬ್ಬಿಣದ ಪಾತ್ರೆಯಲ್ಲಿ ರಬ್ಬರು ಬೇಯಿಸುತ್ತ, ಅರ ಹಿಡಿದು ಉಜ್ಜುತ್ತ, ಹಲ್ಲನ್ನು ನಲವತ್ತು ಸಲ ಹಾಕಿ ತೆಗೆದಿದ್ದ. ಬೊಚ್ಚುಬಾಯಿಯಲ್ಲಿ ಹೊರಗೆ ಕಾಲಿಡಲು ನಾಚಿ ಮಡೆಪ್ಪ ಇಡೀ ದಿನ ಅವನೆದುರು ಸ್ಟೂಲಿನ ಮೇಲೆ ಕೂತಿದ್ದ. ಸೋಮವಾರದ ಉಪವಾಸ, ಹೇಗೂ ಊಟವಿಲ್ಲ ಎಂದು ಇಬ್ಬರೂ ನಕ್ಕಿದ್ದರು.

ಮಡೆಪ್ಪ ದಡಬಡಿಸಿ ಎದ್ದು ನಿಂತು ಬೀದರಿನ ದಿಕ್ಕಿಗೆ ಬೆರಳು ಮಾಡಿದ.

"ಸ್ವತಃ ಬರ್ತೇನಿ ಅಂತಾರ," ಎಂದ ಧೊಂಡಿಬಾ. ಅಷ್ಟು ದಿನಗಳಲ್ಲಿ ಅವನು ಸರಿಯಾಗಿ ಹೇಳಿದ ಅರ್ಥ ಅದೊಂದೇ.

ಗುರುವಾರದ ಗಾಡಿಗೆ ಮಡೆಪ್ಪ ಹತ್ತಿದಾಗ ಹಿಂದೆ ಹನ್ನೊಂದು ಜನ ಭಕ್ತರು ಹತ್ತಿದರು. ಬೀದರಿನ ಸ್ಟೇಷನ್ನಿನಿಂದ ಕಚೇರಿಯ ತನಕ ಮೆರವಣಿಗೆಯೇ ಆಯಿತು. ಗಾಂಧಿ ಗಂಜ್ ಪೇಟೆಯ ಹಮಾಲರು ಚೀಲ ಇಳಿಸಿ ಕೈ ಮುಗಿದರು. ಮಡೆಪ್ಪ ವಲ್ಲಿಯೊಳಗೆ ಹಲ್ಲು ಹಾಕಿಕೊಂಡಿದ್ದ.

ವಿಚಾರಣೆಯ ಅಧಿಕಾರಿ ಹೊರಗಿನ ಸೀಮೆಯವರು. ಸೆಕೆಗೆ ಬೇಸತ್ತಿದ್ದರು; ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಹನ್ನೆರಡು ಜನ ಒಳಗೆ ಬಂದದ್ದನ್ನು ನೋಡಿ ಕನ್ನಡಕ ತೆಗೆದರು. "ಇವರು ಯಾರು?"

"ಮೌನಿಗಳು ಸಾಹೇಬ್ರ," ಎಂದು ಧೊಂಡಿಬಾ ಮುಂದೆ ಬಂದ. "ನಿಮಗ ಆಶೀರ್ವಾದ ಮಾಡ್ಲಿಕ್ಕಿ ಬಂದಾರ."

"ಇಲ್ಲರಿ," ಎಂದ ಮಡೆಪ್ಪ, ವಲ್ಲಿ ಬಿಚ್ಚಿ. "ನಾ ಸಾಕ್ಷಿ ಹೇಳ್ಲಿಕ್ಕಿ ಬಂದೇನಿ."

ಹಿಂದೆ ನಿಂತಿದ್ದ ಹನ್ನೊಂದು ಬಾಯಿಗಳು ತೆರೆದೇ ಉಳಿದವು. ಒಂದು ತಿಂಗಳು ಕಟ್ಟಿಹಾಕಿದ್ದ ಹೊಳೆ ಒಡ್ಡು ಒಡೆದಂತೆ ಮಡೆಪ್ಪ ಮಾತಾಡಿದ. ತಾನು ಯಾರು, ತನ್ನ ತಂದೆ ಯಾರು, ಮೊದಲ ಹಲ್ಲು ಯಾವಾಗ ಅಲ್ಲಾಡಿತು, ಹೆಂಡತಿ ಇದ್ದಿದ್ದರೆ ಏನನ್ನುತ್ತಿದ್ದಳು, ಎಲ್ಲ ಬಂತು. ಅಧಿಕಾರಿ ಮೂರು ಸಲ ಗಂಟೆ ಬಾರಿಸಿದರು. ಕಡೆಗೆ ಮಡೆಪ್ಪ ಶ್ರಾವಣದ ಎರಡನೆಯ ಸೋಮವಾರಕ್ಕೆ ಬಂದು ಮುಟ್ಟಿದ.

"ಹಾಗಾದರೆ ನಿಮ್ಮ ಹಲ್ಲುಗಳು ಕೃತಕ ಹಲ್ಲುಗಳೇ?"

ಮಡೆಪ್ಪ ತಿರುಗಿ ನೋಡಿದ. ಸಖುಬಾಯಿ, ಧೊಂಡಿಬಾ, ಸತ್ಯಮ್ಮ, ತಮ್ಮ, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಬಾಯಿಗೆ ಕೈ ಹಾಕಿ, ಮೇಲಿನದು ಕೆಳಗಿನದು ಎರಡನ್ನೂ ತೆಗೆದು ಅಧಿಕಾರಿಯ ಫೈಲಿನ ಮೇಲೆ ಇಟ್ಟ.

ಒಂದು ತಿಂಗಳ ಕಷಾಯಕ್ಕೆ ಅವು ಹುಣಸೆಬೀಜದ ಬಣ್ಣಕ್ಕೆ ಬಂದಿದ್ದವು. ಅಧಿಕಾರಿ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಸರಿಸಿ, ಕೈವಸ್ತ್ರವನ್ನು ಮೂಗಿಗೆ ಹಿಡಿದು, "ಆರೋಪಿಯನ್ನು ಕರೆಯಿರಿ," ಎಂದರು.

ಕುತುಬೋದ್ದೀನನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಅಂಗಿ ಸಡಿಲವಾಗಿತ್ತು. ಬೊಚ್ಚುಬಾಯಿಯ ಮಡೆಪ್ಪನನ್ನು ಕಂಡು ಒಂದು ಕ್ಷಣ ನಿಂತ.

"ಈ ಮನುಷ್ಯನನ್ನು ನೀವು ಬಲ್ಲಿರಾ?"

"ಇಲ್ಲ ಸಾಹೇಬ. ನಾ ಇವರಿಗಿ ನೋಡೇ ಇಲ್ಲ."

"ಕುತುಬಫಾಬ್," ಎಂದ ಮಡೆಪ್ಪ. ಹಲ್ಲಿಲ್ಲದ ಬಾಯಿಗೆ ಸ ಬರಲಿಲ್ಲ. "ಹೇಳ್ರಿ. ನಿಮ್ಮ ಮಾತು ನಾನೇ ಬಿಟ್ಟು ಕೊಟ್ಟೇನಿ, ಹೇಳಿಬಿಡ್ರಿ."

"ನೋಡೇ ಇಲ್ಲ ಸಾಹೇಬ," ಎಂದು ಕುತುಬೋದ್ದೀನ ಗೋಡೆಯ ಕಡೆಗೆ ತಿರುಗಿದ.

ಅಧಿಕಾರಿ ಪೆನ್ಸಿಲಿನ ತುದಿಯಿಂದ ಫೈಲನ್ನು ಮುಂದಕ್ಕೆ ತಳ್ಳಿದರು. "ಇವುಗಳನ್ನಾದರೂ ನೋಡಿದ್ದೀರಾ?"

ಕುತುಬೋದ್ದೀನ ಬಗ್ಗಿ ನೋಡಿದ. ಅವನ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಯಾವ ಕತ್ತಿ ಮಗ ನನ ಸೆಟ್ಟಿಗಿ ಹಿಂಗ ಮಾಡಿದಾಂವ?" ಎಂದು ಎರಡೂ ಕೈಯಿಂದ ಎತ್ತಿಕೊಂಡ. "ಹೈದರಾಬಾದದಿಂದ ಹಲ್ಲು ತರಿಸಿ ಕೂಡ್ಸೀನಿ ಸಾಹೇಬ. ಮೊಲ್ಲೆ ಮೊಗ್ಗಿನ ಹಾಂಗ ಇದ್ವು. ಮಡೆಪ್ಪ, ಎಷ್ಟು ಹೊತ್ತು ಇಟ್ಟೀರಿ ಕಷಾಯದಾಗ?"

"ಫೂರ್ಯ ಹುಟ್ಟಿದಾಗಿಂದ ಮುಳುಗೋ ತನಕ."

"ಅರ್ಧ ತಾಸು ಅಂದಿದ್ದೆ. ವಾರಕ್ಕ ಎರಡು ಸಲ. ಮತ್ತ ಮಲಗೋ ಮುಂದ ತಗದಿಡ್ರಿ ಅಂದಿದ್ದೆ. ನೀವು ಎತ್ತಿಂದು ಹೇಳ್ಲತ್ತಿದ್ರಿ, ಕೇಳ್ಲೇ ಇಲ್ಲ. ಇದರಾಗ ಚರ್ಮ ಹದ ಮಾಡ್ತಾರ, ಹಲ್ಲು ನೆನಸಂಗಿಲ್ಲ."

ಬೈಯುತ್ತಲೇ ಅಂಗಿಯ ತುದಿಯಿಂದ ಒರೆಸಿ, ಮಡೆಪ್ಪನ ಗಲ್ಲ ಹಿಡಿದು ಬಾಯಿ ತೆರೆಸಿ, ಹೆಬ್ಬೆರಳಿಂದ ಒತ್ತಿ ಸೆಟ್ಟನ್ನು ಕೂಡಿಸಿದ. ಅದು ಟಕ್ ಎಂದು ಕೂತಿತು. ಅಧಿಕಾರಿ ಬಹಳ ಹೊತ್ತು ಏನನ್ನೋ ಬರೆದುಕೊಂಡರು.

ಎಂಟು ದಿನಕ್ಕೆ ಬಿಡುಗಡೆಯ ಹುಕುಂ ಬಂತು. ಮಡೆಪ್ಪ ಒಬ್ಬನೇ ಬೀದರಿಗೆ ಹೋದ. ಹನ್ನೊಂದು ಜನರಲ್ಲಿ ಒಬ್ಬರೂ ಬರಲಿಲ್ಲ. ಕುತುಬೋದ್ದೀನ ಅಂಗಡಿ ತೆರೆಯಲಿಲ್ಲ; ಅರ, ಇಕ್ಕಳಗಳನ್ನು ಒಂದು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೈದರಾಬಾದಿಗೆ, ಮಗಳ ಮನೆಗೆ ಹೊರಟಿದ್ದ. ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ಭಾಲ್ಕಿಗೆ ಬರ್ರಿ, ನನ್ನ ಮನೆಯ ಮುಂದಿನ ಕೋಣೆ ಖಾಲಿ ಇದೆ, ಅಲ್ಲೇ ಅಂಗಡಿ ಹಾಕ್ರಿ ಎಂದು ಹೇಳಲು ಮಡೆಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆದರೆ ಮೊದಲು ಗಾಡಿ ತಡವಾದದ್ದರ ಬಗ್ಗೆ ಹೇಳಿದ, ಬಿಸಿಲಿನ ಬಗ್ಗೆ ಹೇಳಿದ, ಅಲ್ಲಿಂದ ಸೋದರಮಾವನಿಗೆ ಹೋದ. ಎತ್ತು ಹೊಳೆಗೆ ಇಳಿಯುವಷ್ಟರಲ್ಲಿ ಗಾಡಿ ಬಂತು. ಕುತುಬೋದ್ದೀನ ಕಿಟಕಿಯಿಂದ ಕೈ ಹಾಕಿ ಅವನ ಭುಜ ಮುಟ್ಟಿ, "ರಾತ್ರಿ ತಗದಿಡ್ರಿ ಮಡೆಪ್ಪ," ಎಂದ. ಗಾಡಿ ಹೋಯಿತು.

ಭಾಲ್ಕಿಯಲ್ಲಿ ಮನೆಯ ಮುಂದೆ ಸತ್ಯಮ್ಮ ನಿಂತಿದ್ದಳು. "ಹಲ್ಲು ತೊಳೆದ ನೀರು ಕುಡಿಸಿದ್ರಿ ನನಗ," ಎಂದು ಓಣಿಗೆ ಕೇಳುವಂತೆ ಹೇಳಿ, ಗುಣವಾದ ಬಾಯಿಂದಲೇ ಅರ್ಧ ತಾಸು ಬೈದು ಹೋದಳು. ಹೊಲ ಬಿಟ್ಟುಕೊಟ್ಟವನು ತೆಂಗಿನಕಾಯಿ ವಾಪಸು ಕೇಳಿದ. ಧೊಂಡಿಬಾ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ನಡೆಯುತ್ತಿದ್ದ. ಮಡೆಪ್ಪ ಬೇವಿನ ಮರದ ಕೆಳಗೆ ಚಾಪೆ ಹಾಸಿ ಕೂತ. ಹೇಳಲು ಈಗ ಎತ್ತಿಗಿಂತ ದೊಡ್ಡ ಕಥೆಯಿತ್ತು, ಕಚೇರಿ, ಅಧಿಕಾರಿ, ಫೈಲಿನ ಮೇಲಿನ ಹಲ್ಲು. ಕೇಳುವವರು ಯಾರೂ ಇರಲಿಲ್ಲ. ಟೈಪ್ ಮಷೀನು ಮಾತ್ರ ಆ ಬದಿಯಲ್ಲಿ ಟಕಟಕ ಎನ್ನುತ್ತಿತ್ತು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಸಖುಬಾಯಿ ಬಂದು ಹೊಸ್ತಿಲಲ್ಲಿ ನಿಂತಳು. ಗಡಿಗೆ ಇಳಿಸಲಿಲ್ಲ.

"ಬರ್ರಿ ಬರ್ರಿ ಸಖುಬಾಯಿ," ಎಂದ ಮಡೆಪ್ಪ ಚಾಪೆ ಎಳೆಯುತ್ತ. "ಕೂಡ್ರಿ. ಆ ದಿನ ಕಚೇರಿದಾಗ ಏನಾತು ಅಂದ್ರ, ನೀವು ಹಿಂದ ನಿಂತಿದ್ರಿ, ನಿಮಗ ಪೂರಾ ಕಾಣ್ಸಿರಲಿಕ್ಕಿಲ್ಲ. ಅದಕ್ಕೂ ಮೊದಲು ನಮ್ಮ ಸೋದರಮಾವಂದು ಒಂದು ಎತ್ತು..."

"ಮಡೆಪ್ಪಣ್ಣ, ಒಂದು ಮಾತು ಕೇಳಲೇನ್ರಿ? ಸಿಟ್ಟು ಮಾಡ್ಕೋಬಾರದು."

"ಕೇಳ್ರಿ."

"ನೀವು ಒಂದೀಟು ಆ ಹಲ್ಲು ತಗದು ಇಡ್ರಲ್ಲ. ನನಗ ಮಾತಾಡೋದದ."

ಮಡೆಪ್ಪ ಎಳೆಯುತ್ತಿದ್ದ ಚಾಪೆಯನ್ನು ಅಲ್ಲೇ ಬಿಟ್ಟ. ಆಮೇಲೆ ಎದ್ದು ಗೋಡೆಯ ಕಡೆಗೆ ತಿರುಗಿ, ಹಲ್ಲು ತೆಗೆದು ಬೋಗುಣಿಯ ತಣ್ಣೀರಿನಲ್ಲಿ ಹಾಕಿ, ಬಂದು ಕೂತ. ವಲ್ಲಿ ಕಟ್ಟಿಕೊಳ್ಳಲಿಲ್ಲ. ಸಖುಬಾಯಿ ಗಡಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಗೆ ಒರಗಿ ಕೂತಳು.

"ಮೆಹಕರದಿಂದ ಮಂದಿ ಬಂದಿದ್ರು ನೋಡ್ರಿ," ಎಂದಳು. "ನಮ್ಮಕ್ಕ ಅಂಜನಾಬಾಯಿಗಿ ಮೈಯಾಗ ಆರಾಮಿಲ್ಲಂತ. ನನ್ನ ಹೆಸರು ತಗೊಂಡಳಂತ. ಹೋಗಲೇನು ಬಿಡಲೇನು ಅಂತ ನಾಕು ದಿನ ಆತು, ನಾ ಒಬ್ಬಾಕೀನೇ ಕೂತು ಅಳ್ಲತ್ತೇನಿ."

ಮಡೆಪ್ಪ ತಲೆಯಾಡಿಸಿದ. ಅವಳು ಮುಂದುವರಿಸಿದಳು.